ಗುರುತು ಗುರಿಯಾದ ಕಥೆ

"ಇಂಥ ಕಾಯಿಲೆಯ ಜೀನ್ ಪತ್ತೆ, ಶೀಘ್ರದಲ್ಲೇ ಔಷಧಿ" ಎಂಬ ಬಗೆಯ ತಲೆಬರಹಗಳನ್ನು ನೀವು ಪತ್ರಿಕೆಗಳಲ್ಲಿ ನೋಡಿರುತ್ತೀರಿ. ಆಸಕ್ತಿಯಿರುವ ಮಕ್ಕಳು ಅದನ್ನು ಕತ್ತರಿಸಿ ಶಾಲೆಗೆ ತರುವುದೂ ಉಂಟು. "ಜೀನ್ ಸಿಕ್ಕಿತಲ್ಲ ಸರ್, ಇನ್ನು ಮದ್ದು ಸಿಕ್ಕಿದ ಹಾಗೇ ಅಲ್ವಾ?" ಎಂದು ಕೇಳುತ್ತಾರೆ. ಹೌದು ಎಂದರೂ ತಪ್ಪು, ಅಲ್ಲ ಎಂದರೂ ತಪ್ಪು. ಹಾಗಾಗಿ ಒಂದೇ ಒಂದು ಜೀನಿನ ಚರಿತ್ರೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ರೋಗವನ್ನು ಗುರುತಿಸುವುದಕ್ಕೂ ಮದ್ದಿಗೆ ಗುರಿಯಾಗುವುದಕ್ಕೂ ಇದರಷ್ಟು ಚೆನ್ನಾಗಿ ಒದಗಿಬಂದ ಜೀನ್ ಬಹಳ ಕಡಿಮೆ. ಹಾಗಿದ್ದೂ ಗುರುತು ಸಿಕ್ಕಿದ್ದು 1960ರಲ್ಲಿ, ಮದ್ದು ಬಂದದ್ದು 2001ರಲ್ಲಿ. ನಡುವೆ 41 ವರ್ಷ!

ರೋಗದ ಹೆಸರು ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ. ವೈದ್ಯರು ಚಿಕ್ಕದಾಗಿ ಸಿಎಂಎಲ್ ಎನ್ನುತ್ತಾರೆ. ರಕ್ತದ ಕ್ಯಾನ್ಸರುಗಳಲ್ಲಿ ಇದೊಂದು ಬಗೆ. ಮೂಳೆಯೊಳಗಿನ ಮಜ್ಜೆಯಲ್ಲಿ ಬಿಳಿ ರಕ್ತಕಣಗಳು ಮಿತಿಯಿಲ್ಲದೆ ಹುಟ್ಟುತ್ತವೆ. ಎಡ ಪಕ್ಕೆಯ ಕೆಳಗಿರುವ ಗುಲ್ಮ ಊದಿಕೊಳ್ಳುತ್ತದೆ, ಆಯಾಸ, ಬೆವರು, ತೂಕ ಇಳಿಯುವುದು. ಮೊದಲ ಕೆಲವು ವರ್ಷ ರೋಗ ನಿಧಾನವಾಗಿ ನಡೆಯುತ್ತದೆ. ಆಮೇಲೆ ಒಮ್ಮೆಲೇ ಉಗ್ರರೂಪ ತಾಳಿದರೆ ತಿಂಗಳುಗಳಲ್ಲಿ ಮುಗಿಯಿತು. 1845ರಲ್ಲಿ ಎಡಿನ್‌ಬರೋದ ಜಾನ್ ಹ್ಯೂಸ್ ಬೆನೆಟ್ ಮತ್ತು ಜರ್ಮನಿಯ ರುಡಾಲ್ಫ್ ವಿರ್ಕೋ ಇಂಥ ರೋಗಿಗಳನ್ನು ಬೇರೆಬೇರೆಯಾಗಿ ವರ್ಣಿಸಿದರು. ಬಿಳಿ ರಕ್ತ ಎಂಬ ಅರ್ಥದ ಲ್ಯುಕೇಮಿಯಾ ಎಂಬ ಹೆಸರು ವಿರ್ಕೋ ಕೊಟ್ಟದ್ದು. ಹತ್ತೊಂಬತ್ತನೇ ಶತಮಾನದಲ್ಲಿ ಚಿಕಿತ್ಸೆಯೆಂದರೆ ಪಾಷಾಣ, ಅಂದರೆ ಆರ್ಸೆನಿಕ್. ನಂತರ ಗುಲ್ಮಕ್ಕೆ ಎಕ್ಸ್-ರೇ. 1950ರ ದಶಕದಲ್ಲಿ ಬುಸಲ್ಫಾನ್ ಎಂಬ ಮಾತ್ರೆ ಬಂತು. ಎಲ್ಲವೂ ಕಣಗಳ ಲೆಕ್ಕ ಇಳಿಸುತ್ತಿದ್ದವು, ರೋಗದ ಬುಡಕ್ಕೆ ಹೋಗುತ್ತಿರಲಿಲ್ಲ. ಬುಡ ಎಲ್ಲಿದೆ ಎಂದು ಗೊತ್ತಿದ್ದರೆ ತಾನೇ!

ಬುಡ ಕಂಡದ್ದು ನಲ್ಲಿ ನೀರಿನಿಂದ. ಹಾಸ್ಯಕ್ಕೆ ಹೇಳುತ್ತಿಲ್ಲ. ಅಮೆರಿಕದ ಫಿಲಡೆಲ್ಫಿಯಾ ನಗರದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪೀಟರ್ ನೋವೆಲ್ ಎಂಬ ತರುಣ ವೈದ್ಯ ಲ್ಯುಕೇಮಿಯಾ ರೋಗಿಗಳ ರಕ್ತಕಣಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುತ್ತಿದ್ದರು. ಗಾಜಿನ ಪಟ್ಟಿಗಳನ್ನು ಬಣ್ಣ ಹಾಕುವ ಮುಂಚೆ ನಲ್ಲಿ ನೀರಿನಲ್ಲಿ ತೊಳೆದುಬಿಟ್ಟರು. ಉಪ್ಪಿಲ್ಲದ ನೀರು ಜೀವಕೋಶದೊಳಗೆ ನುಗ್ಗಿದರೆ ಏನಾಗುತ್ತದೆ? ಪರಾಸರಣದ ಪಾಠ ಓದಿದವರು ಹೇಳಬಲ್ಲರು, ಕೋಶ ಊದುತ್ತದೆ. ಊದಿದ ಕೋಶದಲ್ಲಿ ಒಂದರ ಮೇಲೊಂದು ಬಿದ್ದಿದ್ದ ವರ್ಣತಂತುಗಳು ಬಿಡಿಬಿಡಿಯಾಗಿ ಹರಡಿಕೊಂಡು ಸ್ಪಷ್ಟವಾಗಿ ಕಂಡವು. ನೋವೆಲ್ ವರ್ಣತಂತುಗಳ ಪಂಡಿತರೇನೂ ಅಲ್ಲ. ಆದರೆ ಕಂಡದ್ದನ್ನು ಬಿಡಲಿಲ್ಲ. ಅದೇ ಊರಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಲ್ಲಿ ವರ್ಣತಂತುಗಳ ಬಗ್ಗೆ ಪ್ರೌಢಪ್ರಬಂಧ ಬರೆಯುತ್ತಿದ್ದ ಡೇವಿಡ್ ಹಂಗರ್‌ಫರ್ಡ್ ಎಂಬ ವಿದ್ಯಾರ್ಥಿಯನ್ನು ಹುಡುಕಿಕೊಂಡು ಹೋದರು. ಮನುಷ್ಯನಲ್ಲಿರುವುದು 48 ಅಲ್ಲ, 46 ವರ್ಣತಂತು ಎಂದು ಜಗತ್ತಿಗೆ ಖಚಿತವಾದದ್ದೇ 1956ರಲ್ಲಿ ಎಂಬುದನ್ನು ಮರೆಯಬೇಡಿ. ಆ ವಿದ್ಯೆ ಆಗ ಅಷ್ಟು ಹೊಸತು.

ಹಂಗರ್‌ಫರ್ಡ್ ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಿದ್ದೇನೆಂದರೆ, ಸಿಎಂಎಲ್ ರೋಗಿಗಳ ಕಣಗಳಲ್ಲಿ ಒಂದು ವರ್ಣತಂತು ಇರಬೇಕಾದ್ದಕ್ಕಿಂತ ಗಿಡ್ಡವಾಗಿದೆ. ಬೇರೆ ಲ್ಯುಕೇಮಿಯಾಗಳಲ್ಲಿ ಹಾಗೆ ಒಂದೇ ರೀತಿಯ ಬದಲಾವಣೆ ಸಿಗಲಿಲ್ಲ. 1960ರಲ್ಲಿ ಏಳು ರೋಗಿಗಳ ಆಧಾರದ ಮೇಲೆ 'ಸೈನ್ಸ್' ಪತ್ರಿಕೆಯಲ್ಲಿ ಕೆಲವೇ ಸಾಲುಗಳ ವರದಿ ಪ್ರಕಟವಾಯಿತು. ಊರಿನ ಹೆಸರೇ ಅದಕ್ಕೆ ಅಂಟಿ 'ಫಿಲಡೆಲ್ಫಿಯಾ ವರ್ಣತಂತು' ಎಂದಾಯಿತು. ಕ್ಯಾನ್ಸರ್ ಒಂದಕ್ಕೆ ವರ್ಣತಂತುವಿನ ಮಟ್ಟದಲ್ಲಿ ಖಾಯಂ ಗುರುತೊಂದು ಸಿಕ್ಕಿದ್ದು ಅದೇ ಮೊದಲು.

ಇಲ್ಲಿಗೆ ಗುರುತು ಸಿಕ್ಕಿತು. ರಕ್ತ ಪರೀಕ್ಷಿಸಿ, ಗಿಡ್ಡ ವರ್ಣತಂತು ಇದ್ದರೆ ಸಿಎಂಎಲ್ ಎನ್ನಬಹುದು. ಆದರೆ ಅದು ರೋಗದ ಕಾರಣವೋ, ರೋಗ ಬಂದ ಮೇಲೆ ಆದ ಹಾನಿಯೋ? ಹೊಗೆ ಕಂಡರೆ ಬೆಂಕಿ ಇದೆ ಎಂದು ತಿಳಿಯುತ್ತದೆ, ಆದರೆ ಹೊಗೆಗೆ ನೀರು ಎರಚಿದರೆ ಬೆಂಕಿ ಆರುವುದಿಲ್ಲ. ಅನೇಕ ವಿಜ್ಞಾನಿಗಳು ಆಗ ಇದನ್ನು ಹೊಗೆ ಎಂದೇ ತಿಳಿದಿದ್ದರು. ಪತ್ರಿಕೆಯ ತಲೆಬರಹಗಳು ಸಾಮಾನ್ಯವಾಗಿ ನುಂಗಿಹಾಕುವುದು ಈ ಪ್ರಶ್ನೆಯನ್ನೇ.

ಮುಂದಿನ ಹೆಜ್ಜೆಗೆ ಹದಿಮೂರು ವರ್ಷ ಬೇಕಾಯಿತು. ಅದನ್ನು ಇಟ್ಟವರು ಷಿಕಾಗೋದ ಜಾನೆಟ್ ರೌಲಿ. ನಾಲ್ಕು ಗಂಡುಮಕ್ಕಳ ತಾಯಿ, ಮಕ್ಕಳು ಚಿಕ್ಕವರಿದ್ದಾಗ ವಾರದಲ್ಲಿ ಕೆಲವು ದಿನ ಮಾತ್ರ ಕೆಲಸಕ್ಕೆ ಹೋಗುತ್ತಿದ್ದ ವೈದ್ಯೆ. ಪತಿಯ ಜೊತೆ ಆಕ್ಸ್‌ಫರ್ಡಿನಲ್ಲಿದ್ದಾಗ ವರ್ಣತಂತುಗಳಿಗೆ ಹೊಸ ರೀತಿಯಲ್ಲಿ ಬಣ್ಣ ಹಾಕುವ ವಿಧಾನ ಕಲಿತು ಬಂದರು. ಕ್ವಿನಾಕ್ರಿನ್ ಎಂಬ, ಹಿಂದೆ ಮಲೇರಿಯಾಕ್ಕೆ ಕೊಡುತ್ತಿದ್ದ ಮದ್ದನ್ನೇ ಬಣ್ಣವಾಗಿ ಬಳಸಿದರೆ ಒಂದೊಂದು ವರ್ಣತಂತುವಿನ ಮೇಲೂ ಅದರದ್ದೇ ಆದ ಪಟ್ಟೆಗಳು ಹೊಳೆಯುತ್ತವೆ. ವರ್ಣತಂತು ಎಂಬ ನಮ್ಮ ಪದ ಎಷ್ಟು ಸರಿಯಾಗಿದೆ ನೋಡಿ, ಬಣ್ಣ ಹಾಕಿದರೆ ತಾನೇ ಅದು ಕಾಣುವುದು! ರೌಲಿ ಅವರು ಫೋಟೋಗಳನ್ನು ಮನೆಗೆ ತಂದು, ವರ್ಣತಂತುಗಳನ್ನು ಕತ್ತರಿಯಿಂದ ಕತ್ತರಿಸಿ, ಊಟದ ಮೇಜಿನ ಮೇಲೆ ಜೋಡಿಜೋಡಿಯಾಗಿ ಹೊಂದಿಸುತ್ತಿದ್ದರು. ಅಮ್ಮ ಕಾಗದದ ಗೊಂಬೆ ಆಡುತ್ತಾಳೆ, ಅದಕ್ಕೆ ಸಂಬಳವೂ ಸಿಗುತ್ತದೆ ಎಂದು ಮಕ್ಕಳು ತಮಾಷೆ ಮಾಡುತ್ತಿದ್ದರಂತೆ.

ಆ ಮೇಜಿನ ಮೇಲೆ ಅವರಿಗೆ ಕಂಡದ್ದು ಇದು. ಗಿಡ್ಡವಾಗಿದ್ದದ್ದು 22ನೇ ವರ್ಣತಂತು. ಅದರ ತುಂಡು ಕಳೆದುಹೋಗಿದೆ ಎಂದು ಅಲ್ಲಿಯತನಕ ಎಲ್ಲರೂ ನಂಬಿದ್ದರು. ಕಳೆದುಹೋಗಿರಲಿಲ್ಲ. ಅದೇ ಕೋಶದ 9ನೇ ವರ್ಣತಂತುವಿನ ತುದಿಗೆ ಅಂಟಿಕೊಂಡಿತ್ತು. ಎರಡು ಪುಸ್ತಕ ಬೈಂಡ್ ಮಾಡುವಾಗ ಕೊನೆಯ ಹಾಳೆಗಳು ಅದಲುಬದಲಾಗಿ, ಗಣಿತದ ಹಾಳೆ ಚರಿತ್ರೆಗೂ ಚರಿತ್ರೆಯದ್ದು ಗಣಿತಕ್ಕೂ ಸೇರಿಹೋದ ಹಾಗೆ. 1973ರಲ್ಲಿ 'ನೇಚರ್' ಪತ್ರಿಕೆ ಇದನ್ನು ಪ್ರಕಟಿಸಿತು, ಅದೂ ಮೊದಲು ಬೇಡವೆಂದು ಹಿಂದಕ್ಕೆ ಕಳಿಸಿದ ಮೇಲೆ. ರೋಗಿಯಿಂದ ರೋಗಿಗೆ ಇದೇ ಎರಡು ವರ್ಣತಂತುಗಳ ನಡುವೆ ಇದೇ ಅದಲುಬದಲು ಆಗುತ್ತದೆ ಎಂದರೆ ಅದು ಬರೀ ಹೊಗೆ ಇರಲಾರದು. ನನ್ನ ಎಣಿಕೆಯಲ್ಲಿ ಈ ಇಡೀ ಚರಿತ್ರೆಯ ದೊಡ್ಡ ತಿರುವು ಇದೇ. ಔಷಧಿ ತಯಾರಿಸಿದವರ ಹೆಸರು ಹೆಚ್ಚು ಜನಕ್ಕೆ ಗೊತ್ತು, ರೌಲಿಯವರದ್ದು ಅಷ್ಟಿಲ್ಲ.

ಇಲ್ಲಿ ಒಂದು ಮಾತು ನಮ್ಮವರಿಗಾಗಿ ಹೇಳಲೇಬೇಕು. ಜೀನ್ ಎಂಬುದಕ್ಕೆ ಕನ್ನಡದಲ್ಲಿ ನಾವು 'ವಂಶವಾಹಿ' ಎಂದು ಕಲಿಸುತ್ತೇವೆ. ಪದ ಚೆನ್ನಾಗಿಯೇ ಇದೆ. ಆದರೆ "ಇದು ವಂಶವಾಹಿಯಿಂದ ಬರುವ ರೋಗ" ಎಂದ ಕೂಡಲೇ ಕೇಳಿದವರು ವಂಶದಿಂದ ಬಂದ ರೋಗ ಎಂದು ತಿಳಿಯುತ್ತಾರೆ. ಮದುವೆ ಸಂಬಂಧ ಕೂಡಿಸುವಾಗ ಮನೆಯಲ್ಲೊಬ್ಬರಿಗೆ ರಕ್ತದ ಕ್ಯಾನ್ಸರ್ ಇತ್ತೆಂಬ ಮಾತು ಬಂದು ಸಂಬಂಧವೇ ತಪ್ಪಿಹೋಗುವುದುಂಟು. ಸಿಎಂಎಲ್ ವಂಶಪಾರಂಪರ್ಯ ರೋಗವಲ್ಲ. ಈ ಹಾಳೆ ಅದಲುಬದಲಾಗುವುದು ಹುಟ್ಟಿದ ಮೇಲೆ, ಮಜ್ಜೆಯ ಯಾವುದೋ ಒಂದು ಮೂಲಕೋಶದಲ್ಲಿ. ತಂದೆತಾಯಿಯಿಂದ ಬಂದದ್ದೂ ಅಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ಹೆಚ್ಚಿನವರಲ್ಲಿ ಯಾಕೆ ಆಯಿತೆಂದು ಬೆರಳು ಮಾಡಿ ತೋರಿಸಲು ಕಾರಣವೇ ಇರುವುದಿಲ್ಲ. ಹೆಚ್ಚಿನ ಪ್ರಮಾಣದ ವಿಕಿರಣ ಒಂದು ತಿಳಿದ ಕಾರಣ. ಹಿರೋಷಿಮಾ, ನಾಗಸಾಕಿಯಲ್ಲಿ ಬದುಕುಳಿದವರಲ್ಲಿ ಲ್ಯುಕೇಮಿಯಾ ಹೆಚ್ಚಿತು, ಅದರಲ್ಲಿ ಸಿಎಂಎಲ್ ಕೂಡ ಸೇರಿತ್ತು.

ಇರಲಿ, ಕಥೆಗೆ ಬರೋಣ. ಈ ನಡುವೆ ಬೇರೆಯೇ ಕಡೆಯಿಂದ ಇನ್ನೊಂದು ದಾರಿ ಬರುತ್ತಿತ್ತು, ಇಲಿಗಳ ದಾರಿ. 1970ರಲ್ಲಿ ಹರ್ಬರ್ಟ್ ಏಬಲ್ಸನ್ ಮತ್ತು ಲೂಯಿಸ್ ರಾಬ್‌ಸ್ಟೈನ್ ಇಲಿಗಳಿಗೆ ಲ್ಯುಕೇಮಿಯಾ ತರುವ ಒಂದು ವೈರಸ್ ಗುರುತಿಸಿದ್ದರು. ಆ ವೈರಸ್ಸಿನಲ್ಲಿದ್ದ ಕೇಡಿನ ಜೀನಿಗೆ ಏಬಲ್ಸನ್ ಹೆಸರಿನಿಂದಲೇ ಎಬಿಎಲ್ ಎಂದು ಹೆಸರಾಯಿತು. ಅದರ ಪ್ರೋಟೀನು ಏನು ಮಾಡುತ್ತದೆ ಎಂಬುದನ್ನು 1980ರಲ್ಲಿ ಡೇವಿಡ್ ಬಾಲ್ಟಿಮೋರ್ ಅವರ ಪ್ರಯೋಗಾಲಯದಲ್ಲಿ ಓವನ್ ವಿಟ್ಟೆ ಮತ್ತಿತರರು ಕಂಡುಕೊಂಡರು. ಅದೊಂದು ಟೈರೋಸಿನ್ ಕೈನೇಸ್, ಅಂದರೆ ಎಟಿಪಿಯಿಂದ ಫಾಸ್ಫೇಟ್ ತೆಗೆದು ಬೇರೆ ಪ್ರೋಟೀನುಗಳಿಗೆ ಅಂಟಿಸುವ ಕಿಣ್ವ. ಹಾಗೆ ಅಂಟಿಸುವುದೇ ಕೋಶಕ್ಕೆ "ಬೆಳೆ, ವಿಭಜಿಸು" ಎಂಬ ಆಜ್ಞೆ. ಮನುಷ್ಯರಲ್ಲೂ ಈ ಜೀನ್ ಇದೆ. ಇರುವುದು 9ನೇ ವರ್ಣತಂತುವಿನಲ್ಲಿ. 9 ಎಂದ ಕೂಡಲೇ ನಿಮಗೂ ಹೊಳೆದಿರಬೇಕು!

1982ರಲ್ಲಿ ಡಚ್ ಮತ್ತು ಅಮೆರಿಕನ್ ವಿಜ್ಞಾನಿಗಳ ತಂಡ ಸಿಎಂಎಲ್ ರೋಗಿಗಳಲ್ಲಿ ಎಬಿಎಲ್ ತನ್ನ ಮನೆ ಬಿಟ್ಟು 22ಕ್ಕೆ ಹೋಗಿದೆ ಎಂದು ತೋರಿಸಿತು. 1984ರಲ್ಲಿ, 22ರಲ್ಲಿ ತುಂಡಾಗುವ ಜಾಗ ಎಲ್ಲ ರೋಗಿಗಳಲ್ಲೂ ಒಂದೇ ಸಣ್ಣ ಪ್ರದೇಶದೊಳಗಿದೆ ಎಂದು ತಿಳಿಯಿತು. ಅಲ್ಲಿದ್ದ ಜೀನಿಗೆ ಬಿಸಿಆರ್ ಎಂದು ಹೆಸರಿಟ್ಟರು. ಎರಡೂ ಬೆಸೆದು ಬಿಸಿಆರ್-ಎಬಿಎಲ್ ಎಂಬ, ಆರೋಗ್ಯವಂತ ಕೋಶದಲ್ಲಿ ಇಲ್ಲದ ಹೊಸ ಜೀನ್ ಹುಟ್ಟುತ್ತದೆ. ನಮ್ಮ ತೋಟದ ಪಂಪಿಗೆ ಹೋಲಿಸಬಹುದು. ಸಾಮಾನ್ಯ ಎಬಿಎಲ್, ಬೇಕಾದಾಗ ಹಾಕಿ ಬೇಡವಾದಾಗ ಆರಿಸುವ ಸ್ವಿಚ್ಚಿರುವ ಪಂಪು. ಬಿಸಿಆರ್ ಜೊತೆ ಬೆಸೆದಾಗ ಸ್ವಿಚ್ಚು 'ಆನ್' ಆಗಿಯೇ ಸಿಕ್ಕಿಬೀಳುತ್ತದೆ. ಪಂಪು ಹಗಲೂ ರಾತ್ರಿ ಓಡುತ್ತದೆ, ಕಣಗಳು ಹುಟ್ಟುತ್ತಲೇ ಇರುತ್ತವೆ.

ಇಷ್ಟಾದರೂ ಪಂಪೇ ಕಾರಣ ಎಂದು ರುಜುವಾತು ಆಗಬೇಡವೇ? 1990ರಲ್ಲಿ ಜಾರ್ಜ್ ಡೇಲಿ, ರಿಚರ್ಡ್ ವ್ಯಾನ್ ಎಟನ್, ಬಾಲ್ಟಿಮೋರ್ ಮೂವರು ಇಲಿಗಳ ಮಜ್ಜೆಯ ಕೋಶಗಳಿಗೆ ಈ ಬೆಸುಗೆ ಜೀನನ್ನು ಸೇರಿಸಿದರು. ಇಲಿಗಳಿಗೆ ಸಿಎಂಎಲ್ ತರಹದ ರೋಗ ಬಂತು. ಆಗ, ಸರಿಯಾಗಿ ಮೂವತ್ತು ವರ್ಷದ ನಂತರ, ಗುರುತು ಗುರಿಯಾಯಿತು.

ಇನ್ನು ಬಾಣ ಬೇಕು. ಜೀನನ್ನೇ ಕತ್ತರಿಸಿ ತೆಗೆಯುವ ಉಪಾಯ ಆಗ ಇರಲಿಲ್ಲ. ಅದು ಮಾಡುವ ಕಿಣ್ವವನ್ನು ತಡೆಯಬೇಕು. ಪತ್ರಿಕೆಗಳು "ಜೀನ್‌ಗೆ ಮದ್ದು" ಎಂದು ಬರೆದರೂ ಮಾತ್ರೆ ಮುಟ್ಟುವುದು ಸಾಮಾನ್ಯವಾಗಿ ಜೀನನ್ನಲ್ಲ, ಅದರ ಪ್ರೋಟೀನನ್ನು. ಕಷ್ಟ ಎಲ್ಲಿತ್ತೆಂದರೆ, ನಮ್ಮ ದೇಹದಲ್ಲಿ ಇಂಥ ಕೈನೇಸುಗಳು ಐನೂರಕ್ಕೂ ಹೆಚ್ಚು. ಎಲ್ಲವಕ್ಕೂ ಎಟಿಪಿ ಕೂರುವ ಗುಳಿ ಹೆಚ್ಚುಕಡಿಮೆ ಒಂದೇ ಆಕಾರದ್ದು. ಒಂದು ಬೀಗಕ್ಕೆ ಮಾಡಿದ ಕೀಲಿಕೈ ಊರಿನ ಎಲ್ಲ ಬೀಗಕ್ಕೂ ಹೊಕ್ಕರೆ ಅದು ಮದ್ದಲ್ಲ, ವಿಷ. ಹಾಗಾಗಿ ಇದು ಆಗದ ಕೆಲಸವೆಂದು ಹಲವರು ಕೈಚೆಲ್ಲಿದ್ದರು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸೀಬಾ-ಗೈಗಿ ಕಂಪನಿಯಲ್ಲಿ ಅಲೆಕ್ಸ್ ಮ್ಯಾಟರ್, ನಿಕ್ ಲೈಡನ್ ಮತ್ತು ರಸಾಯನಶಾಸ್ತ್ರಜ್ಞ ಯೂರ್ಗ್ ಝಿಮ್ಮರ್‌ಮನ್ ಇದಕ್ಕೆ ಕೈಹಾಕಿದ್ದರು. ಮೂಲ ಅಣುವೊಂದನ್ನು ಹಿಡಿದು, ಇಲ್ಲೊಂದು ಮೀಥೈಲ್ ಗುಂಪು ಸೇರಿಸು, ನೀರಿನಲ್ಲಿ ಕರಗುವಂತೆ ಅಲ್ಲೊಂದು ಕೊಂಡಿ ಸೇರಿಸು ಎಂದು ತಿದ್ದುತ್ತಾ ಹೋದರು. 1992ರಲ್ಲಿ ಒಂದು ಅಣು ಸಿಕ್ಕಿತು. ಅದೇ ಮುಂದೆ ಇಮಾಟಿನಿಬ್ ಎಂಬ ಹೆಸರು ಪಡೆಯಿತು. ಅಮೆರಿಕದಲ್ಲಿ ಬ್ರಯಾನ್ ಡ್ರೂಕರ್ ಎಂಬ ವೈದ್ಯರು ಲೈಡನ್ ಅವರನ್ನು ಮೊದಲಿನಿಂದ ಬಲ್ಲವರು. 1993ರಲ್ಲಿ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿಗೆ ಹೋಗಿ ಸೇರಿದ ಅವರು ಸಿಎಂಎಲ್ ಒಂದನ್ನೇ ಹಿಡಿದು ಕುಳಿತರು, ಕಂಪನಿಯಿಂದ ಅಣುಗಳನ್ನು ತರಿಸಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಈ ಅಣು ರೋಗಿಗಳ ರಕ್ತ, ಮಜ್ಜೆಯ ಮಾದರಿಗಳಲ್ಲಿ ಬಿಸಿಆರ್-ಎಬಿಎಲ್ ಇರುವ ಕಣಗಳ ಗುಂಪುಗಳನ್ನು ಶೇಕಡಾ 92ರಿಂದ 98ರಷ್ಟು ಇಳಿಸಿತ್ತು, ಸಾಮಾನ್ಯ ಕಣಗಳನ್ನು ಮುಟ್ಟಿರಲಿಲ್ಲ.

ಅದೇ ವರ್ಷ ಸೀಬಾ-ಗೈಗಿ ಮತ್ತು ಸಾಂಡೋಜ್ ಕೂಡಿ ನೋವಾರ್ಟಿಸ್ ಆಯಿತು. ಕೆಲಸ ಕುಂಟಿತು. ರೋಗಿಗಳು ಕಡಿಮೆ, ಲಾಭ ಎಲ್ಲಿಂದ ಎಂಬುದು ಕಂಪನಿಯೊಳಗಿನ ಮಾತು. ಡ್ರೂಕರ್ ಮತ್ತು ಮ್ಯಾಟರ್ ಬೆನ್ನುಹತ್ತಿದ ಮೇಲೆ 1998ರ ಜೂನಿನಲ್ಲಿ ಮೊದಲ ರೋಗಿಗೆ ಮಾತ್ರೆ ಕೊಟ್ಟರು. ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಂಡ 54 ರೋಗಿಗಳಲ್ಲಿ 53 ಮಂದಿಯ ರಕ್ತಕಣಗಳ ಲೆಕ್ಕ ಸರಿಹೋಯಿತು. ಇವರೆಲ್ಲ ಅದಕ್ಕೂ ಮುಂಚಿನ ಚಿಕಿತ್ಸೆ ಫಲಿಸದವರು! ಸುದ್ದಿ ಅಂತರ್ಜಾಲದ ರೋಗಿಗಳ ಗುಂಪುಗಳಲ್ಲಿ ಹಬ್ಬಿತು. ಮಾತ್ರೆ ಸಾಕಷ್ಟು ತಯಾರಾಗುತ್ತಿರಲಿಲ್ಲ. ಕೆನಡಾದ ರೋಗಿ ಮಹಿಳೆಯೊಬ್ಬರು 1999ರಲ್ಲಿ ಸಾವಿರಾರು ಸಹಿ ಸಂಗ್ರಹಿಸಿ ಕಂಪನಿಯ ಮುಖ್ಯಸ್ಥರಿಗೆ ಕಳಿಸಿದರು, ತಯಾರಿಕೆ ಹೆಚ್ಚಿತು. 2001ರ ಮೇ 10ರಂದು ಅಮೆರಿಕದಲ್ಲಿ ಮದ್ದಿಗೆ ಒಪ್ಪಿಗೆ ಸಿಕ್ಕಿತು. ಮೊದಲು ಸರಾಸರಿ ಮೂರರಿಂದ ಐದು ವರ್ಷ ಬದುಕುತ್ತಿದ್ದ ರೋಗಿಗಳಲ್ಲಿ, ಇಮಾಟಿನಿಬ್ ಮೊದಲೇ ತೆಗೆದುಕೊಂಡವರು ಹತ್ತು ವರ್ಷಗಳ ನಂತರವೂ ಶೇಕಡಾ 83ರಷ್ಟು ಮಂದಿ ಬದುಕಿದ್ದರು ಎಂದು 2017ರಲ್ಲಿ ವರದಿಯಾಯಿತು.

ಎಲ್ಲರಿಗೂ ಫಲಿಸಿತೇ? ಇಲ್ಲ. ಕೆಲವರಲ್ಲಿ ರೋಗ ಮರಳಿತು. 2001ರಲ್ಲೇ ಚಾರ್ಲ್ಸ್ ಸಾಯರ್ಸ್ ತಂಡ ಕಾರಣ ಹುಡುಕಿತು. ಕಿಣ್ವದ ಗುಳಿಯೊಳಗೆ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ ಕೀಲಿಕೈ ಹೊಗದಂತಾಗಿತ್ತು. ಗುರಿ ಅದೇ, ಬಾಣ ಬೇರೆ ಬೇಕು. ದಸಾಟಿನಿಬ್ (2006), ನಿಲೋಟಿನಿಬ್ (2007), ಪೊನಾಟಿನಿಬ್ (2012), ಆಸಿಮಿನಿಬ್ (2021) ಹಾಗೆ ಬಂದವು.

ಭಾರತದಲ್ಲಿ ಈ ಜೀನಿನ ಕಥೆ ಪ್ರಯೋಗಾಲಯದಿಂದ ಕೋರ್ಟಿಗೆ ಹೋಯಿತು. ಇಮಾಟಿನಿಬ್‌ನ ಒಂದು ಹರಳು ರೂಪಕ್ಕೆ ನೋವಾರ್ಟಿಸ್ 1998ರಲ್ಲಿ ಚೆನ್ನೈಯಲ್ಲಿ ಪೇಟೆಂಟ್ ಅರ್ಜಿ ಹಾಕಿತ್ತು. 2003ರಲ್ಲಿ ಕಂಪನಿಗೆ ಮಾರಾಟದ ಏಕಸ್ವಾಮ್ಯ ಸಿಕ್ಕಿತು. ಕಂಪನಿಯ ಗ್ಲಿವೆಕ್ ತಿಂಗಳಿಗೆ ಸುಮಾರು 1,20,000 ರೂಪಾಯಿ. ಅದೇ ಮದ್ದನ್ನು ಭಾರತೀಯ ಕಂಪನಿಗಳು ಸುಮಾರು 8,000 ರೂಪಾಯಿಗೆ ಮಾರುತ್ತಿದ್ದವು. ಮಾತ್ರೆ ಒಂದು ತಿಂಗಳಿಗಲ್ಲ, ಬದುಕಿರುವಷ್ಟು ಕಾಲ ನುಂಗಬೇಕು ಎಂಬುದನ್ನು ನೆನಪಿಟ್ಟು ಈ ಎರಡು ಸಂಖ್ಯೆಗಳನ್ನು ನೋಡಿ. ಕಂಪನಿ ಉಚಿತ ವಿತರಣೆಯ ಯೋಜನೆಯೊಂದನ್ನು ನಡೆಸಿ ಸಾವಿರಾರು ಭಾರತೀಯರಿಗೆ ಮದ್ದು ಕೊಟ್ಟಿತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ದಾನ ಕೊಡುವವರ ಮನಸ್ಸಿನಲ್ಲಿರುತ್ತದೆ, ಅಂಗಡಿಯ ಬೆಲೆ ಎಲ್ಲರ ಕಣ್ಣೆದುರು ಇರುತ್ತದೆ.

2005ರಲ್ಲಿ ನಮ್ಮ ಪೇಟೆಂಟ್ ಕಾಯ್ದೆಗೆ ತಿದ್ದುಪಡಿಯಾಯಿತು. ಅದರ 3(ಡಿ) ಕಲಮಿನ ಪ್ರಕಾರ, ತಿಳಿದ ಮದ್ದಿನ ಹೊಸ ರೂಪಕ್ಕೆ ಪೇಟೆಂಟ್ ಬೇಕಾದರೆ ಅದು ಹಳೆಯದಕ್ಕಿಂತ ಹೆಚ್ಚು ಪರಿಣಾಮಕಾರಿ ಎಂದು ತೋರಿಸಬೇಕು. ಮುಂಬೈಯ ಕ್ಯಾನ್ಸರ್ ರೋಗಿಗಳ ಸಂಘ, ಕ್ಯಾನ್ಸರ್ ಪೇಷಂಟ್ಸ್ ಏಡ್ ಅಸೋಸಿಯೇಷನ್, ಅರ್ಜಿಯನ್ನು ವಿರೋಧಿಸಿತು. 2006ರಲ್ಲಿ ಚೆನ್ನೈ ಕಚೇರಿ ಅರ್ಜಿ ತಿರಸ್ಕರಿಸಿತು. 2007ರಲ್ಲಿ ಮದ್ರಾಸ್ ಹೈಕೋರ್ಟು ಈ ಕಲಮಿನ ವಿರುದ್ಧದ ದಾವೆಯನ್ನು ತಳ್ಳಿಹಾಕಿತು. ಕೊನೆಗೆ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಅಫ್ತಾಬ್ ಆಲಂ ಮತ್ತು ರಂಜನಾ ಪ್ರಕಾಶ್ ದೇಸಾಯಿ ತೀರ್ಪು ಕೊಟ್ಟರು. ಹೊಸ ಹರಳು ದೇಹಕ್ಕೆ ಶೇಕಡಾ 30ರಷ್ಟು ಹೆಚ್ಚು ಸೇರುತ್ತದೆ ಎಂಬ ವಾದ ಸಾಲದು, ರೋಗ ಗುಣಪಡಿಸುವ ಶಕ್ತಿ ಹೆಚ್ಚಿದೆ ಎಂದು ತೋರಿಸಬೇಕು, ಅದು ತೋರಿಲ್ಲ. ಪೇಟೆಂಟ್ ಸಿಗಲಿಲ್ಲ, ಅಗ್ಗದ ಮಾತ್ರೆ ಉಳಿಯಿತು. ಅದೇ 2013ರಲ್ಲಿ ಜಗತ್ತಿನ ನೂರಕ್ಕೂ ಹೆಚ್ಚು ಸಿಎಂಎಲ್ ತಜ್ಞರು, ಬ್ರಯಾನ್ ಡ್ರೂಕರ್ ಕೂಡ ಸೇರಿ, ಈ ಮದ್ದುಗಳ ಬೆಲೆ ಅತಿಯಾಯಿತೆಂದು ಒಟ್ಟಾಗಿ ಬರೆದರು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಮಾಟಿನಿಬ್ ಅನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಭಾರತದಲ್ಲಿ ಸಿಎಂಎಲ್ ಬರುವವರು ಪಾಶ್ಚಾತ್ಯ ದೇಶಗಳ ರೋಗಿಗಳಿಗಿಂತ ಕಿರಿಯರು. ಮೂವತ್ತು, ನಲವತ್ತರ ಆಸುಪಾಸಿನವರೇ ಹೆಚ್ಚು, ಅಂದರೆ ಮನೆ ನಡೆಸುವವರು, ಶಾಲೆಗೆ ಹೋಗುವ ಮಕ್ಕಳಿರುವವರು.

ಗುರಿಯಾದ ಮೇಲೂ ಆ ಹಳೆಯ ಗುರುತು ಗುರುತಾಗಿ ಕೆಲಸ ಬಿಡಲಿಲ್ಲ. ಈಗ ಸೂಕ್ಷ್ಮದರ್ಶಕದ ಬದಲು ಪಿಸಿಆರ್ ಪರೀಕ್ಷೆ. ರಕ್ತದಲ್ಲಿ ಬಿಸಿಆರ್-ಎಬಿಎಲ್ ಜೀನಿನ ಆರ್‌ಎನ್‌ಎ ಪ್ರತಿಗಳು ಎಷ್ಟಿವೆ ಎಂದು ಎಣಿಸಿ, ಇನ್ನೊಂದು ಸಾಮಾನ್ಯ ಜೀನಿನ ಪ್ರತಿಗಳ ಜೊತೆ ಹೋಲಿಸಿ ಶೇಕಡಾವಾರು ಹೇಳುತ್ತಾರೆ. ಚಿಕಿತ್ಸೆ ಶುರುವಾಗಿ ಮೂರು ತಿಂಗಳಿಗೆ ಶೇಕಡಾ 10ಕ್ಕಿಂತ ಕೆಳಗೆ ಬಂದರೆ ದಾರಿ ಸರಿಯಿದೆ. ಶೇಕಡಾ 0.1ಕ್ಕೆ ಇಳಿದರೆ ಬಹಳ ಒಳ್ಳೆಯದು. ಏರತೊಡಗಿದರೆ, ರೋಗಿಗೆ ಯಾವ ತೊಂದರೆಯೂ ಕಾಣುವ ಮುಂಚೆಯೇ ವೈದ್ಯರಿಗೆ ಎಚ್ಚರಿಕೆ. ಮಾತ್ರೆ ಸರಿಯಾಗಿ ನುಂಗುತ್ತಿದ್ದಾರೆಯೇ, ಗುಳಿ ಬದಲಾಗಿದೆಯೇ ಎಂದು ಆಗಲೇ ನೋಡಬಹುದು. ಒಂದು ವಿಚಿತ್ರವೆಂದರೆ, ಬಹಳ ಸೂಕ್ಷ್ಮವಾಗಿ ಹುಡುಕಿದಾಗ ಈ ಬೆಸುಗೆ ಜೀನ್ ಕೆಲವು ಆರೋಗ್ಯವಂತರ ರಕ್ತದಲ್ಲೂ ಅತ್ಯಲ್ಪ ಪ್ರಮಾಣದಲ್ಲಿ ಸಿಕ್ಕಿತು ಎಂದು 1990ರ ದಶಕದಲ್ಲಿ ವರದಿಯಾಯಿತು. ಅವರಿಗೆ ಸಿಎಂಎಲ್ ಇರಲಿಲ್ಲ. ಆದ್ದರಿಂದ ವರದಿಯ ಕಾಗದದಲ್ಲಿರುವ ಒಂದು ಸಂಖ್ಯೆಯನ್ನು ನಾವೇ ಓದಿ ತೀರ್ಮಾನ ಮಾಡಬಾರದು.

ಆ ಸಂಖ್ಯೆ ಎಷ್ಟೋ ವರ್ಷ ಕಾಣಿಸದಷ್ಟು ಇಳಿದಿದ್ದರೆ ಮಾತ್ರೆ ನಿಲ್ಲಿಸಬಹುದೇ? ಫ್ರಾನ್ಸಿನಲ್ಲಿ ಇದನ್ನು ಪರೀಕ್ಷಿಸಿದರು. ಕನಿಷ್ಠ ಎರಡು ವರ್ಷ ಬಿಸಿಆರ್-ಎಬಿಎಲ್ ಕಾಣದಿದ್ದ 100 ಮಂದಿ ಇಮಾಟಿನಿಬ್ ನಿಲ್ಲಿಸಿದರು. 2010ರಲ್ಲಿ ಪ್ರಕಟವಾದಂತೆ, ಒಂದು ವರ್ಷದ ನಂತರ ಸುಮಾರು ಶೇಕಡಾ 41ರಷ್ಟು ಮಂದಿಯಲ್ಲಿ ಅದು ಮರಳಿರಲಿಲ್ಲ. ಮರಳಿದವರಲ್ಲಿ ಹೆಚ್ಚಿನವರಿಗೆ ಮೊದಲ ಆರು ತಿಂಗಳಲ್ಲೇ ಮರಳಿತು, ಮತ್ತೆ ಮಾತ್ರೆ ಶುರುಮಾಡಿದಾಗ ಹತೋಟಿಗೂ ಬಂತು. ಆದರೆ ಹಾಗೆ ನಿಲ್ಲಿಸುವುದು ವೈದ್ಯರ ಕಣ್ಗಾವಲಿನಲ್ಲಿ ಮಾತ್ರ. ಮೊದಲ ತಿಂಗಳುಗಳಲ್ಲಿ ಪ್ರತಿ ತಿಂಗಳೂ ರಕ್ತ ಪರೀಕ್ಷೆಯಾಗಬೇಕು, ಅಳತೆ ಪ್ರತಿ ಸಲವೂ ಒಂದೇ ಮಾನದಂಡದ್ದಾಗಿರಬೇಕು. ನಮ್ಮಲ್ಲಿ ಖಾಸಗಿ ಲ್ಯಾಬಿನಲ್ಲಿ ಆ ಒಂದು ಪರೀಕ್ಷೆಗೆ ಕೆಲವು ಸಾವಿರ ರೂಪಾಯಿ ಬೇಕು. ಚಿಕ್ಕ ಊರುಗಳಲ್ಲಿ ರಕ್ತ ತೆಗೆದು ದೊಡ್ಡ ನಗರಕ್ಕೆ ಕಳಿಸಿ ವರದಿಗೆ ಕಾಯಬೇಕು. ಎಷ್ಟೋ ಮನೆಗಳಲ್ಲಿ ಈಗ ಮಾತ್ರೆಗಿಂತ ಪರೀಕ್ಷೆಯ ಖರ್ಚೇ ಭಾರವಾಗಿ, ಮೂರು ತಿಂಗಳಿಗೊಮ್ಮೆ ಆಗಬೇಕಾದದ್ದು ವರ್ಷಕ್ಕೊಮ್ಮೆ ಆಗುತ್ತದೆ.